ಹಳೆಯ ಟೀ ಶರ್ಟು, ಬೇಸಗೆಯ ಟಾಪು
(ನಮ್ಮ ವಾಚನಾಲಯದಲ್ಲಿ ಮಹಿಳಾ ವಿಭಾಗದ ಪರವಾಗಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಸಾಹಿತ್ಯದ ಮಾತು ಕೇಳಿ ರೂಢಿಯಾದ ತಮ್ಮ ಮುಂದೆ ನಾವು ಇಂದು ಕತ್ತರಿ, ಸೂಜಿ ಹಿಡಿದು ನಿಂತಿದ್ದೇವೆ. ತಾವು ನಕ್ಕರೂ ನಮಗೆ ಬೇಸರವಿಲ್ಲ. ಡೊಂಬಿವಲಿ, ಕಲ್ಯಾಣಗಳ ಏಪ್ರಿಲ್ ತಿಂಗಳ ಸೆಕೆ ಎಂಥದೆಂಬುದನ್ನೂ, ಬೆಳಗಿನ ಲೋಕಲಿನಲ್ಲಿ ನಿಂತು ಥಾಣೆ ತಲುಪುವಷ್ಟರಲ್ಲಿ ಬೆನ್ನು ಹೇಗೆ ತೊಯ್ಯುವುದೆಂಬುದನ್ನೂ ಬಲ್ಲವರಿಗೆ ತೆಳುವಾದ ಹತ್ತಿಯ ಟಾಪಿನ ಬೆಲೆಯನ್ನು ನಾವು ಹೇಳಬೇಕಾದುದಿಲ್ಲ.

ಹಳೆಯ ಬಟ್ಟೆಗೆ ಹೊಸ ರೂಪ ಕೊಡುವುದು ನಮ್ಮವರಿಗೆ ಹೊಸ ವಿದ್ಯೆಯಲ್ಲ. ಉತ್ತರ ಕರ್ನಾಟಕದ ಅಜ್ಜಿಯಂದಿರು ಸವೆದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಮೂಲೆಗಳಿಗೆ ‘ಫುಲ’ ಎಂಬ ಮುಕ್ಕೋನದ ತುಂಡುಗಳನ್ನು ಹಚ್ಚಿದಲ್ಲದೆ ಕೌದಿ ಪೂರ್ಣವಾಯಿತೆನ್ನುವುದಿಲ್ಲ. ಇಂಗ್ಲೆಂಡಿನಲ್ಲಿ 1941ರಿಂದ 1949ರ ವರೆಗೆ ಬಟ್ಟೆಗೂ ರೇಷನ್ ಇತ್ತು. ಅಲ್ಲಿಯ ಸರಕಾರವೇ 1943ರಲ್ಲಿ ಹಳೆಯ ಬಟ್ಟೆಯನ್ನು ತಿದ್ದಿ ಹೊಲಿಯುವ ಕೈಪಿಡಿಯೊಂದನ್ನು ಹೊರಡಿಸಿತು. ಇಂದು ನಮಗೆ ಬಟ್ಟೆಯ ಬರವಿಲ್ಲ, ನೀರಿನ ಬರವುಂಟು. ಒಂದು ಹತ್ತಿಯ ಟೀ ಶರ್ಟಿಗೆ, ಹತ್ತಿ ಬೆಳೆಯುವುದರಿಂದ ಹಿಡಿದು, ಸುಮಾರು 2,700 ಲೀಟರ್ ನೀರು ಬೇಕೆಂದು ಅಂದಾಜು ಮಾಡಿದ್ದಾರೆ. ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುವ ಮನೆಗಳವರು ಈ ಅಂಕಿಯನ್ನು ನೆನಪಿಡಬೇಕು.

ಆದರೆ ಕೌದಿಯ ಕೈಗೆ ಟೀ ಶರ್ಟು ಕೂಡಲೇ ಒಗ್ಗುವುದಿಲ್ಲ. ಸೀರೆ ನೇಯ್ದ ಬಟ್ಟೆ. ಕತ್ತರಿಸಿದರೆ ಅಂಚಿನಿಂದ ಎಳೆ ಬಿಚ್ಚುತ್ತದೆ. ಟೀ ಶರ್ಟು ಕುಣಿಕೆ ಕುಣಿಕೆಯಾಗಿ ಹೆಣೆದದ್ದು. ಅದರ ಅಂಚು ಸುಲಭವಾಗಿ ಬಿಚ್ಚುವುದಿಲ್ಲ, ಸುರುಳಿಯಾಗುತ್ತದೆ. ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುತ್ತದೆ. ಈ ಗುಣವನ್ನು ಅರಿತರೆ ಅರ್ಧ ಕೆಲಸವಾದಂತೆ.

ಮೊದಲು ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿರಿ. ಹತ್ತಿಯಾದರೆ, ಹಲವು ಸಲ ಒಗೆದ ಬಟ್ಟೆ ಬೇಗ ಹೀರುತ್ತದೆ. ಹನಿ ಮೇಲೆಯೇ ನಿಂತರೆ ಆ ಬಟ್ಟೆಯನ್ನು ಬೇಸಗೆಗೆ ಬಳಸಬೇಡಿರಿ. ಬಳಿಕ ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ, ಭುಜಕ್ಕೆ ಭುಜ ಕೂಡಿಸಿ ಉದ್ದಕ್ಕೆ ಮಡಚಿರಿ. ಮೈಗೆ ಸರಿಯಾಗಿ ಕೂಡುವ ಒಂದು ಟಾಪನ್ನು ಅದರ ಮೇಲಿಟ್ಟು, ಹೊಲಿಗೆಗೆ ಅರ್ಧ ಇಂಚು ಬಿಟ್ಟು ಗುರುತು ಹಾಕಿರಿ. ತೋಳುಗಳನ್ನು ತೆಗೆಯಿರಿ. ಕೊರಳನ್ನು ಮಾತ್ರ ಬೇಕೆನಿಸಿದ್ದಕ್ಕಿಂತ ಕಡಿಮೆಯೇ ಕತ್ತರಿಸಿರಿ. ಅದು ತಾನಾಗಿಯೇ ಹಿಗ್ಗುತ್ತದೆ. ತೆಗೆದ ತೋಳಿನಿಂದ ಅಡ್ಡವಾಗಿ ಪಟ್ಟಿ ಕತ್ತರಿಸಿ, ತುಸುವೇ ಎಳೆಯುತ್ತ ಕಂಕುಳ ಸುತ್ತಿನ ಅಂಚಿಗೆ ಹಚ್ಚಿದರೆ ಅಂಚು ಅಚ್ಚುಕಟ್ಟಾಗಿ ಕೂಡುತ್ತದೆ. ಮೆಶಿನ್ನಿಗೆ ದುಂಡು ಮೊನೆಯ ಸೂಜಿ ಹಾಕಿ, ಸಣ್ಣ ಜಿಗ್‌ಜ್ಯಾಗ್ ಹೊಲಿಗೆ ಹಾಕಿರಿ. ನೇರ ಹೊಲಿಗೆ ಬಟ್ಟೆ ಹಿಗ್ಗಿದಾಗ ಪಟ್ಟನೆ ಕಡಿಯುತ್ತದೆ. ಉದ್ದ ಸಾಲದಿದ್ದರೆ ಹಳೆಯ ಹತ್ತಿ ಸೀರೆಯ ತುಂಡನ್ನು ನೆರಿಗೆ ಹಿಡಿದು ಕೆಳಗೆ ಕೂಡಿಸಿರಿ.

ಈಗ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಮೊದಲ ಸಲ ನಾವು ಕತ್ತರಿ ಹಾಕಿದ್ದು ನಮ್ಮಲ್ಲೊಬ್ಬರ ಮಗನ ಬಿಳಿಯ ಟೀ ಶರ್ಟಿಗೆ. ಕಪಾಟಿನ ತಳದಲ್ಲಿತ್ತು, ಬೇಡವಾದದ್ದೆಂದು ತಿಳಿದೆವು. ಒಳಮಗ್ಗುಲು ಹೊರಗೆ ಮಾಡಿದ್ದರಿಂದ ಬೆನ್ನಿನ ಮೇಲಿನ ಮಸಿಯ ಗೀಟುಗಳು ಕಲೆಯಂತೆ ಕಂಡವು. ಹತ್ತನೆಯ ಇಯತ್ತೆಯ ಕೊನೆಯ ದಿನ ಗೆಳೆಯರೆಲ್ಲ ಹಾಕಿದ ಸಹಿಗಳು ಅವು! ಹುಡುಗ ಜಗಳವಾಡಲಿಲ್ಲ. ನಾಲ್ಕು ದಿನ ತಾಯಿಯೊಡನೆ ಮಾತಾಡಲಿಲ್ಲ. ತಂಗಿಗೆಂದು ಹೊಲಿದ ಆ ಟಾಪನ್ನು ಅವಳೂ ತೊಡಲಿಲ್ಲ. ಕಡೆಗೆ ಸಹಿಯಿದ್ದ ತುಂಡುಗಳನ್ನೆಲ್ಲ ಆಯ್ದು, ಅಜ್ಜಿ ಹೊಲಿಯುತ್ತಿದ್ದ ಕೌದಿಯ ನಡುವೆ ಕೂಡಿಸಿದೆವು. ಎರಡು ಹೆಸರುಗಳು ಹೊಲಿಗೆಯಲ್ಲಿ ಅಳಿಸಿಹೋದವು. ಹುಡುಗ ಆ ಕೌದಿಯನ್ನು ಹೊದೆಯುತ್ತಾನೆ. ಆದರೂ ಆ ಎರಡು ಹೆಸರುಗಳನ್ನು ನೆನೆದರೆ ನಮ್ಮ ಕೈ ಇಂದಿಗೂ ಹಿಂಜರಿಯುತ್ತದೆ. ಅಂದಿನಿಂದ ನಮ್ಮ ಮೊದಲ ನಿಯಮ: ಅಂಗಿಯ ಒಡೆಯನನ್ನು ಕೇಳದೆ ಕತ್ತರಿ ಎತ್ತಬಾರದು.

ಎರಡನೆಯ ನಿಯಮವೂ ಉಂಟು. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಬೋಹಾರೀಣ್ ನಮ್ಮ ಚಾಳುಗಳಿಗೂ ಸೊಸಾಯಿಟಿಗಳಿಗೂ ಬರುತ್ತಾಳೆ. ಗುಜರಾತಿನ ಕಡೆಯ ವಾಘರಿ ಸಮಾಜದ ಈ ಹೆಂಗಸರು ಹೊತ್ತೊಯ್ದ ಬಟ್ಟೆಯನ್ನು ಆರಿಸಿ, ತಿದ್ದಿ, ಮಾರಿ ಹೊಟ್ಟೆ ಹೊರೆಯುತ್ತಾರೆ. ಒಳ್ಳೆಯ ಅಂಗಿಗಳನ್ನೆಲ್ಲ ನಾವೇ ಕತ್ತರಿಸಿಟ್ಟರೆ ಅವಳ ಬುಟ್ಟಿಗೆ ಬೀಳುವುದೇನು? ಆದುದರಿಂದ ತೊಡಲು ಯೋಗ್ಯವಾದದ್ದು ಅವಳಿಗೆ. ಕೊರಳು ಜೋತುಬಿದ್ದದ್ದು, ಕಂಕುಳು ಹರಿದದ್ದು, ಅವಳು ಬೇಡವೆಂದು ಬದಿಗಿಡುವಂಥದ್ದು ನಮ್ಮ ಕತ್ತರಿಗೆ.

ಬರುವ ಭಾನುವಾರ ತಮ್ಮ ಮನೆಯ ಒಂದು ಹಳೆಯ ಟೀ ಶರ್ಟನ್ನು, ಒಡೆಯನ ಒಪ್ಪಿಗೆಯೊಡನೆ, ಇಲ್ಲಿಗೆ ತನ್ನಿರಿ. ಸೂಜಿದಾರ ನಮ್ಮದು.