ಕೃಶಕಾಯರೂ ನಮ್ಮ ನಾಲಗೆಯೂ



ಸ್ಥೂಲಕಾಯರನ್ನು ಮುಖದೆದುರಿಗೆ ಹಾಸ್ಯಮಾಡಲು ನಾವು ತುಸುವಾದರೂ ಅಳುಕುವುದುಂಟು. ಕೃಶಕಾಯರ ವಿಷಯದಲ್ಲಾದರೋ ಆ ಅಳುಕೂ ಇಲ್ಲ. ‘ನರಪೇತಲ’, ‘ಕಡ್ಡಿ ಪೈಲ್ವಾನ’ ಎಂದು ನಗುತ್ತೇವೆ. ‘ಮನೆಯಲ್ಲಿ ಊಟ ಹಾಕುವುದಿಲ್ಲವೆ?’ ಎಂದು ಕೇಳಿ, ಅದನ್ನೇ ಅಕ್ಕರೆಯೆಂದು ಭಾವಿಸುತ್ತೇವೆ. ಆ ಒಂದು ಮಾತು ಮಗುವಿನ ಮೈಯನ್ನೂ ತಾಯಿಯ ಆರೈಕೆಯನ್ನೂ ಒಟ್ಟಿಗೆ ನಿಂದಿಸುತ್ತದೆ. ‘ಹುಡುಗಿ ಬಹಳ ಸಣಕಲು’ ಎಂಬ ನೆಪದಿಂದ ಕೂಡಿಬಂದ ಸಂಬಂಧಗಳು ಮುರಿದುಹೋಗುವುದೂ ಉಂಟು.

ಈ ರೂಢಿಯು ಕಾರಣವಿಲ್ಲದೆ ಹುಟ್ಟಿದುದಲ್ಲ. 1876-78ರ ಧಾತು, ಈಶ್ವರ ಸಂವತ್ಸರಗಳ ಕ್ಷಾಮವು ಮೈಸೂರು ಸೀಮೆಯಲ್ಲಿ ಸುಮಾರು 10 ಲಕ್ಷ ಜನರನ್ನು ನುಂಗಿತು. ಅಂತಹ ನಾಡಿನಲ್ಲಿ ತೆಳುವಾದ ಮೈಯೆಂದರೆ ಹಸಿವು, ತುಂಬಿದ ಮೈಯೆಂದರೆ ಸೌಭಾಗ್ಯ ಎಂಬ ಎಣಿಕೆ ಬೇರೂರಿದ್ದರೆ ಆಶ್ಚರ್ಯವೇನು?

ಆದರೆ ಎಲ್ಲ ಕೃಶತೆಯೂ ಹಸಿವಿನದಲ್ಲ. 2019ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸದಾಫ್ ಫಾರೂಕಿ ಮತ್ತು ಅವರ ಸಂಗಡಿಗರು, ಆರೋಗ್ಯವಂತರಾದ ಸುಮಾರು 1,600 ಮಂದಿ ಕೃಶಕಾಯರನ್ನು ಪರಿಶೀಲಿಸಿ, ಇದರಲ್ಲಿಯೂ ವಂಶಗುಣದ ಪಾಲುಂಟೆಂದು ತೋರಿಸಿದರು.

ಮೈ ಹಠಾತ್ತನೆ ಇಳಿದರೆ ವೈದ್ಯರನ್ನು ಕಾಣಬೇಕಾದುದು ಸರಿಯೆ. ಹುಟ್ಟಿನಿಂದ ತೆಳುವಾಗಿದ್ದು ಸೌಖ್ಯವಾಗಿರುವವರಿಗೆ ನಮ್ಮ ಉಪದೇಶ ಬೇಡ. ಹಸಿದವರಿಗೆ ಅನ್ನವನ್ನಿಡೋಣ, ಹಸಿವಿಲ್ಲದ ಕೃಶರಿಗೆ ಮರ್ಯಾದೆಯನ್ನು ಕೊಡೋಣ.