ಹೆಸರು ಒಂದೇ, ನಂಬರು ಬೇರೆ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಂಪ್ಯೂಟರ್ ವಿಷಯ ಎಂದ ಕೂಡಲೇ ಹಿಂದಿನ ಸಾಲಿನವರು ಏಳುವುದು ಬೇಡ. ನೀವು ಸ್ಕಾಲರ್‌ಶಿಪ್‌ಗೆಂದು ಕೊಟ್ಟ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಯಾರ ಕಣ್ಣಿಗೆ ಬೀಳಬಹುದು ಎಂಬುದೇ ಇಂದಿನ ಮಾತು.

ನಿಮ್ಮ ತರಗತಿಯಲ್ಲಿ ಮಹಮ್ಮದ್ ಇಸ್ಮಾಯಿಲ್ ಎಂಬವರು ಇಬ್ಬರಿದ್ದರೆ ಮೇಷ್ಟ್ರು ಏನು ಮಾಡುತ್ತಾರೆ? ರೋಲ್ ನಂಬರ್ ಕೂಗುತ್ತಾರೆ. ಕಂಪ್ಯೂಟರೂ ಹಾಗೆಯೇ. ನೀವು ಹೆಸರು ಹೇಳಿ ಒಳಗೆ ಹೋಗುತ್ತೀರಿ, ಅದು ಫೈಲಿನ ಮೇಲೆ ಬರೆದುಕೊಳ್ಳುವುದು ನಂಬರನ್ನು. ಲಿನಕ್ಸ್‌ನಲ್ಲಿ ಬಳಕೆದಾರನ ನಂಬರಿಗೆ ಯುಐಡಿ ಎಂದೂ (ಆಧಾರ್‌ನ ಯುಐಡಿ ಅಲ್ಲ, ಗೊಂದಲ ಬೇಡ) ಗುಂಪಿನ ನಂಬರಿಗೆ ಜಿಐಡಿ ಎಂದೂ ಹೆಸರು. ಈಗಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ಮೊದಲ ಸಾಮಾನ್ಯ ಬಳಕೆದಾರನಿಗೆ 1000, ಮುಂದಿನವನಿಗೆ 1001. ವಿಂಡೋಸ್‌ನದ್ದು ಎಸ್‌ಐಡಿ ಎಂಬ ಉದ್ದನೆಯ ಸರ. ಎಸ್-1-5-21 ಎಂದು ಶುರುವಾಗಿ, ನಡುವೆ ಮೂರು ದೊಡ್ಡ ಸಂಖ್ಯೆಗಳು, ಕೊನೆಯಲ್ಲಿ ಆ ವ್ಯಕ್ತಿಯ ನಂಬರು.

ಎರಡೂ ಒಂದೇ ಸಂಸ್ಥೆಯಲ್ಲಿ ಸೇರಿದಾಗ ತೊಡಕು. ನಾನು ನೋಡಿಕೊಳ್ಳುತ್ತಿದ್ದ ಒಂದು ಸಂಸ್ಥೆಗೆ ಶಿಕಾರಿಪುರದಲ್ಲೊಂದು, ಸೊರಬದಲ್ಲೊಂದು ಕೇಂದ್ರ. ಮೇಜಿನ ಮೇಲೆಲ್ಲ ವಿಂಡೋಸ್. ಫೈಲು ಇಡುವ ಸರ್ವರ್ ಎರಡು ಕಡೆಯೂ ಲಿನಕ್ಸ್, ಲೈಸೆನ್ಸ್ ಖರ್ಚು ಇಲ್ಲವೆಂದು. ನಡುವೆ ದುಭಾಷಿಯಾಗಿ ಸಾಂಬಾ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಆರಂಭಿಸಿದ ಈ ಉಚಿತ ತಂತ್ರಾಂಶದಿಂದಾಗಿ ವಿಂಡೋಸ್ ಯಂತ್ರಗಳು ಲಿನಕ್ಸ್ ಸರ್ವರನ್ನು ತಮ್ಮವನೇ ಎಂದು ತಿಳಿಯುತ್ತವೆ. ಅದರ ವಿನ್‌ಬೈಂಡ್ ಎಂಬ ಭಾಗ ಪ್ರತಿ ಎಸ್‌ಐಡಿಗೂ ಒಂದು ಯುಐಡಿ ಅಥವಾ ಜಿಐಡಿ ಹೊಂದಿಸಿಕೊಡುತ್ತದೆ.

ವಿಂಡೋಸ್ ಖಾತೆಗಳ ಪಟ್ಟಿ, ಅಂದರೆ ಡೊಮೇನ್, ಇಡೀ ಸಂಸ್ಥೆಗೆ ಒಂದೇ ಇತ್ತು. ಅಷ್ಟು ಸಾಕೆಂದುಕೊಂಡೆ. ವಿನ್‌ಬೈಂಡ್‌ಗೆ ಟಿಡಿಬಿ ಎಂಬ ಪದ್ಧತಿಯಲ್ಲಿ ನಂಬರು ಹಂಚಲು ಬಿಟ್ಟಿದ್ದೆ. ಅದು ಆಸ್ಪತ್ರೆಯ ಟೋಕನ್ ಇದ್ದ ಹಾಗೆ, ಮೊದಲು ಬಂದವರಿಗೆ ಮೊದಲ ನಂಬರು. ಪ್ರತಿ ಸರ್ವರಿಗೂ ಅದರದೇ ಟೋಕನ್ ಪುಸ್ತಕ. ಶಿಕಾರಿಪುರದ ಐದನೇ ಟೋಕನ್ನಿನವರೇ ಸೊರಬದ ಐದನೇ ಟೋಕನ್ನಿನವರು ಆಗಬೇಕೆಂದಿಲ್ಲವಲ್ಲ! ಶಿಕಾರಿಪುರದಲ್ಲಿ ಗುಮಾಸ್ತರ ಗುಂಪಿಗೆ ಬಂದ ನಂಬರು ಸೊರಬದಲ್ಲಿ ವಿದ್ಯಾರ್ಥಿಗಳ ಗುಂಪಿಗೆ ಸಿಕ್ಕಿತ್ತು. ಆಯಾ ಊರಿನಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು, ಹಾಗಾಗಿ ತಿಂಗಳುಗಟ್ಟಲೆ ಯಾರಿಗೂ ತಿಳಿಯಲಿಲ್ಲ.

ಒಂದು ದಿನ ಶಿಕಾರಿಪುರದ ಸ್ಕಾಲರ್‌ಶಿಪ್ ಫೈಲುಗಳಿದ್ದ ಹಾರ್ಡ್ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಶಿರಾಳಕೊಪ್ಪದ ಮೇಲಿನ ಬಸ್ಸಿನಲ್ಲಿ ಸೊರಬಕ್ಕೆ ಹೋಗಿ ಅಲ್ಲಿನ ಸರ್ವರಿಗೆ ಜೋಡಿಸಿದೆ. ಮರುದಿನ ಒಬ್ಬ ಹುಡುಗಿ ಬಂದು, "ಸರ್, ನಮ್ಮ ಖಾಲಾ ಮಗಳ ಪಾಸ್‌ಬುಕ್ ನನ್ನ ಸ್ಕ್ರೀನಿನಲ್ಲಿ ಬರ್ತಾ ಇದೆ" ಎಂದಳು. ಡಿಸ್ಕಿನಲ್ಲಿ 'ಗುಮಾಸ್ತರು' ಎಂಬ ಪದವೇ ಇರಲಿಲ್ಲ, ಇದ್ದದ್ದು ನಂಬರು ಮಾತ್ರ. ಸೊರಬದ ಸರ್ವರ್ ತನ್ನ ಪುಸ್ತಕ ನೋಡಿ ಬಾಗಿಲು ತೆರೆದಿತ್ತು. ತಪ್ಪು ಸಾಂಬಾದ್ದಲ್ಲ, ನನ್ನದು. ಆ ಹುಡುಗಿ ಸುಮ್ಮನಿದ್ದಿದ್ದರೆ ಎಷ್ಟು ಮನೆಗಳ ಲೆಕ್ಕ ಬೀದಿಗೆ ಬರುತ್ತಿತ್ತೋ!

ಪರಿಹಾರ ಆಗಲೇ ಇತ್ತು, ನಾನು ಓದಿರಲಿಲ್ಲ ಅಷ್ಟೆ. ಆರ್‌ಐಡಿ ಎಂಬ ಪದ್ಧತಿಯಲ್ಲಿ ಟೋಕನ್ ಇಲ್ಲ, ಲೆಕ್ಕ ಇದೆ. ಎಸ್‌ಐಡಿಯ ಕೊನೆಯ ಸಂಖ್ಯೆಗೆ ನಾವು ಗೊತ್ತುಮಾಡಿದ ಮೊತ್ತ ಕೂಡುತ್ತದೆ. ಮೊತ್ತ 2,00,000 ಇದ್ದರೆ 1104ರವನು ಎರಡೂ ಊರಿನಲ್ಲಿ 2,01,104. ಎರಡು ಸರ್ವರಿನಲ್ಲೂ ಅದೇ ಮೊತ್ತ ಬರೆದಿರಬೇಕು. ಎಡಿ ಎಂಬ ಇನ್ನೊಂದು ಪದ್ಧತಿಯಲ್ಲಿ ನಂಬರನ್ನು ಡೊಮೇನಿನ ಪಟ್ಟಿಯಲ್ಲೇ ನಾವು ಬರೆದಿಡಬೇಕು. ಕೆಲಸ ಹೆಚ್ಚು, ಹಿಡಿತವೂ ಹೆಚ್ಚು. ನಮ್ಮಂಥ ಸಣ್ಣ ಕಡೆಗೆ ಆರ್‌ಐಡಿ ಸಾಕೆಂಬುದು ನನ್ನ ಅಭಿಪ್ರಾಯ.

ಆದರೆ ಪದ್ಧತಿ ಬದಲಿಸಿದ ಮಾತ್ರಕ್ಕೆ ಹಳೆಯ ಫೈಲುಗಳ ಮೇಲಿನ ನಂಬರು ಅಳಿಯುವುದಿಲ್ಲ. ಮೊದಲು ಎರಡೂ ಸರ್ವರುಗಳ ಹಳೆಯ ನಂಬರು, ಹೆಸರು ಪಟ್ಟಿ ಮಾಡಿಕೊಂಡೆ. ಹೊಸ ನಂಬರುಗಳು ಹಳೆಯವುಗಳ ಮೇಲೆ ಬೀಳದಷ್ಟು ದೂರದಿಂದ ಶುರುಮಾಡಿದೆ, ಇಲ್ಲವಾದರೆ ಯಾವುದು ತಿದ್ದಿದ್ದು, ಯಾವುದು ತಿದ್ದದ್ದು ಎಂದು ತಿಳಿಯುವುದೇ ಇಲ್ಲ. ಆಮೇಲೆ ಒಂದೊಂದೇ ಗುಂಪಿನ ಫೈಲುಗಳನ್ನು ಹೊಸ ನಂಬರಿಗೆ ದಾಟಿಸಿದೆ. ಎರಡು ರಾತ್ರಿ ಹಿಡಿಯಿತು.

ನಾಳೆ ಲ್ಯಾಬಿಗೆ ಬರುವವರು ಲಿನಕ್ಸ್‌ನಲ್ಲಿ 'ಐಡಿ' ಎಂದೂ, ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ 'ಹೂಆಮ್‌ಐ' ಬರೆದು ಜಾಗ ಬಿಟ್ಟು ಓರೆಗೆರೆ ಹಾಕಿ 'ಯೂಸರ್' ಎಂದೂ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ನಿಮ್ಮ ಎರಡೂ ನಂಬರು ನಿಮಗೇ ಕಾಣುತ್ತವೆ. ಸೊರಬದವರು ಬರೆದುಕೊಂಡು ಹೋಗಿ ಅಲ್ಲಿಯ ಲಿನಕ್ಸ್ ಸರ್ವರಿನಲ್ಲೂ ನೋಡಿ, ಹೊಂದದಿದ್ದರೆ ನನಗೆ ಹೇಳಿ.