ಚಂದ್ರನ ಫೋಟೊ: ಸಾಕ್ಷಿಯೋ, ಅಲಂಕಾರವೋ?

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಪಾಠ ಹೇಳುವ ನನಗೆ ಚಂದ್ರ ಮತ್ತು ಗ್ರಹಗಳ ಫೋಟೊ ತೆಗೆಯುವ ಬಗ್ಗೆ ಮಾತನಾಡಲು ಹೇಳಿದ್ದೀರಿ. ವಿಜ್ಞಾನದ ಮೇಷ್ಟ್ರುಗಳು ಕ್ಷಮಿಸಬೇಕು. ನನ್ನ ಪಾಠದಿಂದಲೇ ಶುರು ಮಾಡುತ್ತೇನೆ. ಕೋಣೆಗೆ ನಾವು ಉರ್ದುವಿನಲ್ಲಿ ‘ಕಮ್ರಾ’ ಎನ್ನುತ್ತೇವೆ. ಕ್ಯಾಮೆರಾ ಕೂಡ ಅದೇ ಬೇರಿನ ಶಬ್ದ. ಲ್ಯಾಟಿನ್‌ನಲ್ಲಿ ಕೋಣೆ ಎಂದರ್ಥ. ಪೋರ್ಚುಗೀಸರು ತಂದ ರೂಪ ನಮ್ಮ ಬಾಯಲ್ಲಿ ಕಮ್ರಾ ಆಯಿತು. ‘ಖಮರ್’ ಅಂದರೆ ಚಂದ್ರ, ಅದರಿಂದಲೇ ಕ್ಯಾಮೆರಾ ಬಂತು ಎಂದು ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ನಿಜವಾದ ಹೆಮ್ಮೆ ಬೇರೆಯೇ ಇದೆ. ಕತ್ತಲೆ ಕೋಣೆಯೊಳಗೆ ಸಣ್ಣ ತೂತಿನಿಂದ ಬೀಳುವ ಬಿಂಬವನ್ನು ಸಾವಿರ ವರ್ಷಗಳ ಹಿಂದೆಯೇ ಇಬ್ನುಲ್ ಹೈಸಮ್ ಪರೀಕ್ಷಿಸಿ ನೋಡಿದರು. ಗ್ರಹಣ ಹಿಡಿದ ಸೂರ್ಯನ ಬಿಂಬದ ಮೇಲೆ ಒಂದು ಗ್ರಂಥವನ್ನೇ ಬರೆದರು. ಚಂದ್ರನ ಮೇಲಿನ ಒಂದು ಕುಳಿಗೆ ‘ಅಲ್‌ಹೇಜನ್’ ಎಂದು ಅವರ ಹೆಸರಿದೆ.

ಈಗ ನಮ್ಮ ಮಾಳಿಗೆಗೆ ಬರೋಣ. ಫೋನಿನಲ್ಲಿ ಚಂದ್ರನನ್ನು ತೆಗೆದರೆ ಬರೀ ಬಿಳಿ ಉಂಡೆ ಬರುತ್ತದೆ ಎಂಬುದು ಎಲ್ಲರ ದೂರು. ಕಾರಣ ಸರಳ. ಸುತ್ತಲಿನ ಕಪ್ಪು ಆಕಾಶವನ್ನು ನೋಡಿ ಫೋನು ಕತ್ತಲೆಯೆಂದು ತಿಳಿದು ಹೆಚ್ಚು ಹೊತ್ತು ಬೆಳಕನ್ನು ಒಳಗೆ ಬಿಡುತ್ತದೆ. ಆದರೆ ಚಂದ್ರನೆಂದರೆ ಹಗಲು ಬಿಸಿಲಿನಲ್ಲಿ ನಿಂತ ಬಂಡೆ! ನಮಗೆ ರಾತ್ರಿ, ಅದಕ್ಕೆ ಹಗಲು. ಆದ್ದರಿಂದ ಪರದೆಯ ಮೇಲೆ ಚಂದ್ರನನ್ನು ಬೆರಳಿನಿಂದ ಮುಟ್ಟಿ ಬೆಳಕನ್ನು ಸಾಕಷ್ಟು ಇಳಿಸಬೇಕು. ಫೋನನ್ನು ಕೈಯಲ್ಲಿ ಹಿಡಿಯದೆ ಒರಗಿಸಿಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಬೇಕು. ಬೈನಾಕ್ಯುಲರ್ ಅಥವಾ ಸಣ್ಣ ದೂರದರ್ಶಕ ಇದ್ದರೆ ಅದರ ಕಣ್ಣಿನ ಕಡೆಯ ಗಾಜಿಗೆ ಫೋನಿನ ಲೆನ್ಸನ್ನು ನೇರವಾಗಿ ಹಿಡಿದರೆ ಸಾಕು, ಕುಳಿಗಳು ಕಾಣುತ್ತವೆ. ಹುಣ್ಣಿಮೆಗಾಗಿ ಕಾಯಬೇಡಿ. ಆಗ ನೆರಳೇ ಇರುವುದಿಲ್ಲ, ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಏಳನೇ ಚಾಂದಿನಿಂದ ಹತ್ತನೇ ಚಾಂದಿನವರೆಗೆ, ಬೆಳಕು ಕತ್ತಲೆ ಸೇರುವ ಗೆರೆಯ ಬಳಿ ಬೆಟ್ಟಗಳ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಇದಕ್ಕಾಗಿ ರಾತ್ರಿ ಎಲ್ಲಿಗೂ ಹೋಗಬೇಕಿಲ್ಲ. ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂಜರಿಯುವ ಪೋಷಕರು ಇದನ್ನು ಗಮನಿಸಬೇಕು. ಮನೆಯ ಮಾಳಿಗೆಯೇ ಪ್ರಯೋಗಶಾಲೆ.

ನನ್ನ ತರಗತಿಯ ಒಬ್ಬ ಹುಡುಗಿ ಬೈನಾಕ್ಯುಲರ್ ಮೂಲಕ ಗುರು ಗ್ರಹವನ್ನು ತೆಗೆದು ತಂದಿದ್ದಳು. ಒಂದು ಬಿಳಿ ಚುಕ್ಕೆ, ಪಕ್ಕದಲ್ಲಿ ಸಾಸಿವೆಯಂಥ ಮೂರು ಚುಕ್ಕೆ. ಅಷ್ಟೇ. ಪಕ್ಕದ ಹುಡುಗ ತನ್ನ ಅಣ್ಣನ ಫೋನಿನಲ್ಲಿ ತೆಗೆದ ಚಂದ್ರನನ್ನು ತೋರಿಸಿದ. ಕುಳಿ ಕುಳಿಯೂ ಸ್ಪಷ್ಟ. ಮಕ್ಕಳೆಲ್ಲ ಅವಳ ಚುಕ್ಕೆಗಳನ್ನು ನೋಡಿ ನಕ್ಕರು. ಆದರೆ ಅವಳು ಮೂರು ರಾತ್ರಿ ತೆಗೆದಿದ್ದಳು, ಪ್ರತಿಯೊಂದಕ್ಕೂ ಗಂಟೆ ಬರೆದಿದ್ದಳು. ಮೂರರಲ್ಲೂ ಚುಕ್ಕೆಗಳ ಜಾಗ ಬೇರೆ ಬೇರೆ! 1610ರ ಜನವರಿಯಲ್ಲಿ ಗೆಲಿಲಿಯೋ ಕಂಡದ್ದು ಇದನ್ನೇ, ಗುರುವಿನ ಸುತ್ತ ತಿರುಗುವ ಚಂದ್ರರನ್ನು.

ಆ ಸ್ಪಷ್ಟವಾದ ಚಿತ್ರದ ಬಗ್ಗೆ ಒಂದು ಮಾತು. ಕೆಲವು ಫೋನುಗಳು ಚಂದ್ರನನ್ನು ಗುರುತಿಸಿದ ಕೂಡಲೇ, ಮೊದಲೇ ಕಲಿತಿಟ್ಟುಕೊಂಡ ವಿವರವನ್ನು ತಾವೇ ತುಂಬುತ್ತವೆ. 2023ರಲ್ಲಿ ಒಬ್ಬರು ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರ್ ಪರದೆಯಲ್ಲಿಟ್ಟು ದೂರದಿಂದ ಫೋಟೊ ತೆಗೆದರು. ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೊದಲ್ಲಿ ಬಂದವು! ಈ ಪರೀಕ್ಷೆಯನ್ನು ಯಾವ ಶಾಲೆಯಲ್ಲಾದರೂ ಮಾಡಬಹುದು. ಹಾಗೆಂದು ಕಂಪ್ಯೂಟರ್ ಮುಟ್ಟಲೇಬಾರದು ಎಂದಲ್ಲ. ಗ್ರಹಗಳನ್ನು ತೆಗೆಯುವವರು ವೀಡಿಯೋ ಮಾಡಿ, ಅದರ ನೂರಾರು ಚಿತ್ರಗಳಲ್ಲಿ ಒಳ್ಳೆಯವನ್ನು ಆರಿಸಿ ಒಂದರ ಮೇಲೊಂದು ಕೂಡಿಸುತ್ತಾರೆ. ಗಾಳಿಯ ನಡುಕ ಕಡಿಮೆಯಾಗಿ ಶನಿಯ ಬಳೆ ತಿಳಿಯಾಗುತ್ತದೆ. ಅಲ್ಲಿರುವ ಪ್ರತಿಯೊಂದು ಕಣವೂ ಆ ರಾತ್ರಿ ಬಂದ ಬೆಳಕೇ. ಮೊದಲನೆಯದು ಅಲಂಕಾರ, ಎರಡನೆಯದು ಸಾಕ್ಷಿ. ನಾನು ಹುಡುಗಿಯ ಚುಕ್ಕೆಗಳಿಗೇ ಹೆಚ್ಚು ಅಂಕ ಕೊಟ್ಟೆ.

ನಮಗೆ ದೂರವಲ್ಲದ ಒಂದು ಉದಾಹರಣೆ ಹೇಳುತ್ತೇನೆ. ವಾಣಿಯಂಬಾಡಿ ನಮ್ಮಲ್ಲಿ ಅನೇಕರಿಗೆ ಗೊತ್ತಿರುವ ಊರು. ಅದರಾಚೆ ಜವಾದಿ ಬೆಟ್ಟಗಳಲ್ಲಿ ಕಾವಲೂರು ವೀಕ್ಷಣಾಲಯವಿದೆ; ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ್ದು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಬಳಿ ಹಾದುಹೋಗುವಾಗ, ಗ್ರಹದ ತಟ್ಟೆ ಮುಟ್ಟದೆಯೇ ನಕ್ಷತ್ರದ ಬೆಳಕು ಕೆಲವು ಕ್ಷಣ ಕುಗ್ಗಿತು. ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅಲ್ಲಿನ 102 ಸೆಂ.ಮೀ. ದೂರದರ್ಶಕದಿಂದ ಅದನ್ನು ದಾಖಲಿಸಿದರು. ಅದೇ ರಾತ್ರಿ ಅಮೆರಿಕದವರು ವಿಮಾನದಿಂದ ಮಾಡಿದ ವೀಕ್ಷಣೆಯ ಜೊತೆ ಹೋಲಿಸಿದಾಗ, ಯುರೇನಸ್‌ಗೂ ಬಳೆಗಳಿವೆ ಎಂಬುದು ಜಗತ್ತಿಗೆ ತಿಳಿಯಿತು. ಅಲ್ಲಿ ಅಂದವಾದ ಫೋಟೊ ಇರಲಿಲ್ಲ. ಬೆಳಕಿನ ಅಳತೆಯಿತ್ತು, ಕರಾರುವಾಕ್ಕಾದ ಸಮಯವಿತ್ತು.

ಇದೆಲ್ಲ ನಮಗೆ ಹೆಚ್ಚು ತಟ್ಟುವುದು ಇಪ್ಪತ್ತೊಂಬತ್ತನೇ ಚಾಂದಿನ ಸಂಜೆ. ಮಗ್ರಿಬ್ ಆದ ಹತ್ತು ನಿಮಿಷಕ್ಕೆ ಫೋನುಗಳಲ್ಲಿ ಹಿಲಾಲ್‌ನ ಫೋಟೊಗಳು ಓಡಾಡತೊಡಗುತ್ತವೆ. ಎಲ್ಲಿ ತೆಗೆದದ್ದು, ಯಾವ ವರ್ಷದ್ದು, ಕಳಿಸಿದವರಿಗೂ ಗೊತ್ತಿರುವುದಿಲ್ಲ. ನೋಡುವ ಕಣ್ಣಿದ್ದರೆ ಕೆಲವನ್ನು ಅಲ್ಲೇ ಹಿಡಿಯಬಹುದು. ನಾವು ಭೂಮಧ್ಯರೇಖೆಯಿಂದ ಬರೀ 13 ಡಿಗ್ರಿ ಉತ್ತರದಲ್ಲಿದ್ದೇವೆ. ನಮ್ಮ ಎಳೆಚಂದ್ರ ದೋಣಿಯಂತೆ ಮಲಗಿರುತ್ತಾನೆ. ಫೆಬ್ರವರಿ, ಮಾರ್ಚ್‌ನಲ್ಲಂತೂ ಪೂರಾ ದೋಣಿ, ಸೆಪ್ಟೆಂಬರ್ ಹೊತ್ತಿಗೆ ಸ್ವಲ್ಪ ಓರೆ. ಬಿಲ್ಲಿನಂತೆ ನೆಟ್ಟಗೆ ನಿಂತ ಎಳೆಚಂದ್ರ ಮುಳುಬಾಗಿಲಿನದು ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. ಜಾಗವೂ ಮುಖ್ಯ. ಕೋಲಾರ ಪಟ್ಟಣದವರಿಗೆ ಪಶ್ಚಿಮಕ್ಕೆ ಅಂತರಗಂಗೆಯ ಬೆಟ್ಟ ಅಡ್ಡವಾಗಿದೆ. ಮಾಲೂರಿನವರಿಗೆ ಆ ಕಡೆಯೇ ಬೆಂಗಳೂರಿನ ಹೊಗೆ, ಧೂಳು. ಶ್ರೀನಿವಾಸಪುರದ ಮಾವಿನ ತೋಪಿನ ಅಂಚಿನ ಬಯಲಿನಲ್ಲಿ ನಿಂತವರು ಅದೃಷ್ಟವಂತರು. ಸೂರ್ಯ ಪೂರ್ತಿ ಮುಳುಗುವವರೆಗೆ ಬೈನಾಕ್ಯುಲರ್ ಎತ್ತಲೇಬಾರದು, ಕಣ್ಣು ಹೋದೀತು.

ಇನ್ನೊಂದು ವಿಚಿತ್ರ ಕೇಳಿ. 2013ರ ಜುಲೈ 8ರಂದು ಫ್ರಾನ್ಸಿನ ತಿಯರಿ ಲೆಗೋ ಎಂಬವರು, ಅಮಾವಾಸ್ಯೆಯ ಕ್ಷಣದಲ್ಲೇ, ಹಾಡಹಗಲಿನಲ್ಲಿ, ಸೂರ್ಯನ ಬಿಸಿಲಿಗೆ ಮರೆಮಾಡಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಚಂದ್ರನ ಎಳೆಯನ್ನು ತೆಗೆದರು. ಯಾವ ಕಣ್ಣೂ ಕಾಣದ ಹಿಲಾಲ್ ಅದು. ಚಾಂದ್ ಕಂಡಿತೆಂದು ತೀರ್ಮಾನಿಸುವುದು ಉಲಮಾಗಳ ಕೆಲಸ, ನನ್ನದಲ್ಲ. ಫೋಟೊದಲ್ಲಿ ಕಂಡದ್ದೂ ಕಣ್ಣಿಗೆ ಕಂಡದ್ದೂ ಒಂದೇ ಅಲ್ಲ ಎಂಬುದಷ್ಟೇ ನನ್ನ ಮಾತು.

ಕೊನೆಗೆ ಮಕ್ಕಳಿಗೆ ಒಂದು ಕೆಲಸ. ನಿಮ್ಮಲ್ಲಿ ಅನೇಕರ ಮಾಮು, ಚಿಚ್ಚಾ ರಿಯಾದ್‌ನಲ್ಲಿದ್ದಾರೆ. ಇಲ್ಲಿಂದ ಅಲ್ಲಿಗೆ ಸುಮಾರು 3,500 ಕಿ.ಮೀ. ಚಂದ್ರನ ಹತ್ತಿರ ಒಂದು ಹೊಳೆಯುವ ಗ್ರಹವಿರುವ ರಾತ್ರಿ ಅವರಿಗೆ ಫೋನ್ ಮಾಡಿ, ಇಲ್ಲಿ ಹತ್ತು ಗಂಟೆ, ಅಲ್ಲಿ ಏಳೂವರೆ, ಒಂದೇ ನಿಮಿಷಕ್ಕೆ ಇಬ್ಬರೂ ಫೋಟೊ ತೆಗೆಯಿರಿ. ಎರಡರಲ್ಲಿ ಚಂದ್ರನಿಗೂ ಗ್ರಹಕ್ಕೂ ಇರುವ ಅಂತರ ಬೇರೆಯಾಗಿರುತ್ತದೆ. ವ್ಯತ್ಯಾಸ ಹೆಚ್ಚೆಂದರೆ ಚಂದ್ರನ ಅಗಲದಷ್ಟು. ಅದನ್ನು ಸ್ಕೇಲಿನಿಂದ ಅಳೆದು ತನ್ನಿ. ಚಂದ್ರ ಎಷ್ಟು ದೂರವಿದ್ದಾನೆಂದು ಲೆಕ್ಕ ಹಾಕುವುದನ್ನು ಗಣಿತದ ಮೇಷ್ಟ್ರು ಹೇಳಿಕೊಡುತ್ತಾರೆ. ಉತ್ತರ 3,84,000 ಕಿ.ಮೀ.ನ ಆಸುಪಾಸು ಬರಬೇಕು. ಚಿತ್ರದ ಕೆಳಗೆ ಊರು, ತಾರೀಖು, ಗಂಟೆ, ನಿಮಿಷ ಬರೆಯುವುದನ್ನು ಮರೆಯಬೇಡಿ.